ಬೋಗಿ ಇತ್ತು, ಹತ್ತಲು ಬಿಡಲಿಲ್ಲ

ಮೊನ್ನೆ ಭಾನುವಾರ ನಮ್ಮ ಕನ್ನಡ ಸಂಘದ ವಾರ್ಷಿಕ ಸಭೆ. ಸಭೆ ಮುಗಿದ ಮೇಲೆ ಕಾಫಿ ಕುಡಿಯುತ್ತಾ ನಿಂತಿದ್ದೆವು. ಅದು ಇದು ಮಾತಾಡ್ತಾ ಕೊರೊನಾ ಕಾಲದ ಸುದ್ದಿ ಬಂತು. ಆಗ ತೀರಿಕೊಂಡವರ ಹೆಸರುಗಳು ಒಂದೊಂದೇ ಬಂದವು. ಕೊನೆಗೆ ಹಿರಿಯರೊಬ್ಬರು, "ಬಿಡಿ ಮಾರಾಯ್ರೆ, ಅದು ಮಹಾಮಾರಿ. ಆಗ ಯಾರು ಎಂತ ಮಾಡ್ಲಿಕ್ಕೆ ಆಗ್ತಿತ್ತು? ಎಲ್ಲ ಹಣೆಬರಹ" ಅಂದರು. ಸುತ್ತ ಇದ್ದವರೆಲ್ಲ ತಲೆ ಅಲ್ಲಾಡಿಸಿದರು. ನಾನೂ ಅಭ್ಯಾಸಬಲದಿಂದ ಅಲ್ಲಾಡಿಸಿಬಿಟ್ಟೆ.

ವಾಪಸ್ ಬರುವಾಗ ಸ್ಟೇಷನ್ನಿನಲ್ಲಿ ಲೋಕಲ್ ಬಂದು ನಿಂತಿತು. ನನ್ನ ಎದುರಿಗೇ ಆ ಬೋಗಿ. ಮುಂಬಯಿಯಲ್ಲಿರುವವರಿಗೆ ಗೊತ್ತು, ಚೆನ್ನೈ, ಹೈದರಾಬಾದ್ ಕಡೆಯ ಓದುಗರಿಗಾಗಿ ಹೇಳುತ್ತೇನೆ. ಇಲ್ಲಿನ ಲೋಕಲ್ ರೈಲಿನಲ್ಲಿ ಅಂಗವಿಕಲರಿಗೂ ಕ್ಯಾನ್ಸರ್ ರೋಗಿಗಳಿಗೂ ಅಂತ ಒಂದು ಪುಟ್ಟ ಬೋಗಿ ಇದೆ. ಬೋಗಿಯ ಮೇಲೆ ಗಾಲಿಕುರ್ಚಿಯ ಚಿತ್ರ, ಅದರ ಜೊತೆಗೆ ಒಂದು ಏಡಿಯ ಚಿತ್ರ. ಏಡಿ ಅಂದರೆ ಕರ್ಕ, ಕರ್ಕರೋಗ. ಮೊದಲ ಸಲ ನೋಡಿದವರು "ಇದೇನು, ಮೀನು ಮಾರುವವರ ಡಬ್ಬಾನಾ?" ಅಂತ ಕೇಳುವುದುಂಟು!

ಆ ಏಡಿಯನ್ನು ನೋಡಿದ್ದೇ ತಡ, ನನಗೆ ಸಿಟ್ಟು ಬಂತು. ಸಂಘದಲ್ಲಿ ತಲೆ ಅಲ್ಲಾಡಿಸಿದ್ದಕ್ಕೆ ನನ್ನ ಮೇಲೇ ಸಿಟ್ಟು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಡೊಂಬಿವಿಲಿಗೆ ಬಂದು ಮೂವತ್ತೈದು ವರ್ಷಗಳ ಮೇಲಾಯಿತು. ಊರು ಕುಂದಾಪುರದ ಹತ್ತಿರ. 2020ರ ಜನವರಿಯಲ್ಲಿ ನನ್ನ ಹೆಂಡತಿಗೆ ಸ್ತನ ಕ್ಯಾನ್ಸರ್ ಅಂತ ಗೊತ್ತಾಯಿತು. ಫೆಬ್ರವರಿಯಲ್ಲಿ ಶಹರದೊಳಗಿನ ಒಂದು ಟ್ರಸ್ಟ್ ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು. ಆಸ್ಪತ್ರೆಯ ಹೆಸರು ಬೇಡ. ಆಮೇಲೆ ಆರು ಕೀಮೋ, 21 ದಿನಕ್ಕೊಂದರಂತೆ. ಮೊದಲನೆಯದು ಮಾರ್ಚ್ 12ಕ್ಕೆ ಮುಗಿಯಿತು. ಎರಡನೆಯದು ಏಪ್ರಿಲ್ 2ಕ್ಕೆ.

ಈ 21 ದಿನದ ಲೆಕ್ಕ ಡಾಕ್ಟರರ ಅನುಕೂಲಕ್ಕೆ ಮಾಡಿದ್ದಲ್ಲ. ಕೀಮೋ ಔಷಧಿ ಬೇಗ ಬೇಗ ಬೆಳೆಯುವ ಜೀವಕೋಶಗಳನ್ನು ಹೊಡೆಯುತ್ತದೆ. ಕ್ಯಾನ್ಸರ್ ಕೋಶಗಳ ಜೊತೆಗೆ ರಕ್ತದ ಬಿಳಿಕಣ, ಬಾಯೊಳಗಿನ ಪದರ, ಕೂದಲು ಎಲ್ಲಕ್ಕೂ ಪೆಟ್ಟು ಬೀಳುತ್ತದೆ. ಮೈ ಚೇತರಿಸಿಕೊಳ್ಳಲು ಸುಮಾರು ಮೂರು ವಾರ ಬೇಕು. ಅದಕ್ಕಿಂತ ಹೆಚ್ಚು ಬಿಟ್ಟರೆ ಅಳಿದುಳಿದ ಕ್ಯಾನ್ಸರ್ ಕೋಶಗಳೂ ಚೇತರಿಸಿಕೊಳ್ಳುತ್ತವೆ. ಅಡುಗೆಯ ಭಾಷೆಯಲ್ಲಿ ಹೇಳಬೇಕೆಂದರೆ, ಹಾಲು ಉಕ್ಕುವ ಹೊತ್ತಿಗೆ ಸರಿಯಾಗಿ ಒಲೆ ಆರಿಸಬೇಕು, ಆಮೇಲೆ ಆರಿಸಿ ಏನು ಪ್ರಯೋಜನ?

ಮಾರ್ಚ್ 22ರ ರಾತ್ರಿ ಲೋಕಲ್ ನಿಂತಿತು. ಮಾರ್ಚ್ 24ರ ರಾತ್ರಿ ಎಂಟು ಗಂಟೆಗೆ ದೇಶಕ್ಕೇ ಬೀಗ ಅಂತ ಪ್ರಕಟವಾಯಿತು, ಅದೇ ಮಧ್ಯರಾತ್ರಿಯಿಂದ ಜಾರಿ. ಆಸ್ಪತ್ರೆಗಳು ಅತ್ಯಾವಶ್ಯಕ ಸೇವೆ, ಅವು ತೆರೆದಿರುತ್ತವೆ ಅಂತ ಆದೇಶದಲ್ಲೇ ಇತ್ತು. ಡಾಕ್ಟರು, ನರ್ಸು, ಆಂಬುಲೆನ್ಸು ಎಲ್ಲ ಓಡಾಡಬಹುದು. ಸರಿ. ಆದರೆ ಆಂಬುಲೆನ್ಸ್ ಬೇಕಿಲ್ಲದ, ತನ್ನ ಕಾಲ ಮೇಲೆ ತಾನೇ ನಡೆದು ಹೋಗಿ ಸಲೈನ್ ಚುಚ್ಚಿಸಿಕೊಂಡು ಸಂಜೆಗೆ ಮನೆಗೆ ಬರಬೇಕಾದ ರೋಗಿ? ಅವಳು ಡೊಂಬಿವಿಲಿಯಿಂದ ಹೋಗುವುದು ಹೇಗೆ? ರೈಲಿಲ್ಲ, ಟ್ಯಾಕ್ಸಿ ಇಲ್ಲ, ರಿಕ್ಷಾ ಇಲ್ಲ. ಆಸ್ಪತ್ರೆಯ ಬಾಗಿಲು ತೆರೆದಿದೆ, ಅದರವರೆಗಿನ ದಾರಿ ಮುಚ್ಚಿದೆ!

ಮಾರ್ಚ್ 30ಕ್ಕೆ ಆಸ್ಪತ್ರೆಯಿಂದಲೇ ಫೋನ್ ಬಂತು. "ಅರ್ಜೆಂಟ್ ಅಲ್ಲದ ಕೀಮೋ ಎಲ್ಲ ಮುಂದಕ್ಕೆ ಹಾಕಿದ್ದೇವೆ, ಪರಿಸ್ಥಿತಿ ನೋಡಿ ತಿಳಿಸ್ತೇವೆ." ಏಪ್ರಿಲ್ ಮಧ್ಯದಲ್ಲಿ ಅಲ್ಲಿನ ಸಿಬ್ಬಂದಿಗೇ ಕೊರೊನಾ ಬಂದು ಕೆಲವು ದಿನ ಬಾಗಿಲೂ ಮುಚ್ಚಿತು. ಅಂತೂ ಎರಡನೇ ಕೀಮೋ ಆಗಿದ್ದು ಮೇ 4ಕ್ಕೆ. 32 ದಿನ ತಡ. ಲೋಕಲಿನಲ್ಲಿ ಇಬ್ಬರು ಹೋಗಿ ಬರಲು ನೂರು ರೂಪಾಯಿಯೂ ಬೇಡ. ಆವತ್ತು ಪರಿಚಯದವರ ಕಾರಿಗೆ ಕೊಟ್ಟಿದ್ದು 4,500. ಕೊಡಲು ನನ್ನ ಹತ್ತಿರ ಇತ್ತು, ಕೊಟ್ಟೆ.

ದಾರಿಯಲ್ಲಿ ನಾಕಾಬಂದಿ. ಹವಾಲ್ದಾರ ಪಾಪ ಒಳ್ಳೆಯವನೇ. ಫೈಲು ನೋಡಿದ, ಒಳಗೆ ಕೂತಿದ್ದವಳ ತಲೆಗೆ ಕಟ್ಟಿದ ಸ್ಕಾರ್ಫ್ ನೋಡಿದ. "ಇಮರ್ಜೆನ್ಸಿ ಆಹೇ ಕಾ?" ಅಂತ ಕೇಳಿದ. ನನಗೆ ಉತ್ತರ ಹೊಳೆಯಲಿಲ್ಲ. ಹೌದು ಅಂದರೆ ಸುಳ್ಳು, ಅವಳು ಆರಾಮಾಗಿ ಕೂತಿದ್ದಾಳೆ. ಇಲ್ಲ ಅಂದರೆ ಮನೆಗೆ ವಾಪಸ್.

ನಾನು ಹೇಳಬೇಕೆಂದಿರುವ ಮಾತು ಪೂರ್ತಿ ಈ ಒಂದು ಪ್ರಶ್ನೆಯಲ್ಲೇ ಇದೆ. ಆ ಕಾಲದ ಪಟ್ಟಿಗಳಲ್ಲಿ ಎರಡೇ ಖಾನೆ ಇದ್ದವು. ಒಂದು ಇಮರ್ಜೆನ್ಸಿ, ಇನ್ನೊಂದು ಮುಂದಕ್ಕೆ ಹಾಕಬಹುದಾದದ್ದು. ಹೃದಯಾಘಾತ, ಹೆರಿಗೆ, ಅಪಘಾತ ಮೊದಲನೆಯದಕ್ಕೆ. ಮಂಡಿ ಬದಲಿಸುವುದು, ಕಣ್ಣಿನ ಪೊರೆ ತೆಗೆಸುವುದು ಎರಡನೆಯದಕ್ಕೆ. ಕ್ಯಾನ್ಸರ್ ಎರಡಕ್ಕೂ ಸೇರುವುದಿಲ್ಲ. ಅದು ಇವತ್ತೇ ಕೊಲ್ಲುವುದಿಲ್ಲ, ಹಾಗಂತ ಕಾಯುವುದೂ ಇಲ್ಲ. ತುರ್ತಲ್ಲದ ಎಲೆಕ್ಟಿವ್ ಆಪರೇಷನ್‌ಗಳನ್ನು ಮುಂದಕ್ಕೆ ಹಾಕಿ ಅಂತ ಕೇಂದ್ರ ಆರೋಗ್ಯ ಇಲಾಖೆ ಮಾರ್ಚ್ 20ಕ್ಕೇ ಆಸ್ಪತ್ರೆಗಳಿಗೆ ಸಲಹೆ ಕೊಟ್ಟಿತ್ತು. ಡಾಕ್ಟರರ ಭಾಷೆಯಲ್ಲಿ ಎಲೆಕ್ಟಿವ್ ಅಂದರೆ ಮೊದಲೇ ದಿನ ಗೊತ್ತು ಮಾಡಿ ಮಾಡುವಂಥದ್ದು, ಅಷ್ಟೇ. ಕ್ಯಾನ್ಸರ್ ಗಡ್ಡೆ ತೆಗೆಯುವುದೂ ಆ ಅರ್ಥದಲ್ಲಿ ಎಲೆಕ್ಟಿವ್. ಆದರೆ ಆ ಪದ ಆಸ್ಪತ್ರೆಯ ಕೌಂಟರಿಗೆ ಬರುವ ಹೊತ್ತಿಗೆ "ಈಗ ಬೇಡ, ಆಮೇಲೆ ಬನ್ನಿ" ಅಂತ ಆಗಿಬಿಟ್ಟಿತು.

ಇದರ ಫಲವನ್ನು ಲೆಕ್ಕ ಹಾಕಿದವರಿದ್ದಾರೆ. ದೇಶದ 41 ಕ್ಯಾನ್ಸರ್ ಕೇಂದ್ರಗಳ ಅಂಕಿ ಅಂಶ 2021ರಲ್ಲಿ ಲ್ಯಾನ್ಸೆಟ್ ಆಂಕಾಲಜಿ ಪತ್ರಿಕೆಯಲ್ಲಿ ಬಂತು. 2019ರ ಮಾರ್ಚಿನಿಂದ ಮೇವರೆಗೆ ಈ ಕೇಂದ್ರಗಳಿಗೆ ಬಂದ ಹೊಸ ರೋಗಿಗಳು 1,12,270. 2020ರ ಅದೇ ಮೂರು ತಿಂಗಳಲ್ಲಿ ಬಂದವರು 51,760. ಅಂದರೆ ಶೇ. 54 ಕಡಿಮೆ. ದೊಡ್ಡ ಆಪರೇಷನ್‌ಗಳು ಶೇ. 49 ಕಡಿಮೆ. ಹೊರರೋಗಿ ಕೀಮೋ ಶೇ. 37 ಕಡಿಮೆ. ನೀವೇ ಹೇಳಿ, ಆ ಮೂರು ತಿಂಗಳು ಈ ದೇಶದಲ್ಲಿ ಕ್ಯಾನ್ಸರ್ ಬರುವುದೇ ನಿಂತಿತ್ತೇ? ಉಳಿದ ಅರವತ್ತು ಸಾವಿರ ಜನ ಎಲ್ಲಿದ್ದರು? ಮನೆಯಲ್ಲಿದ್ದರು, ಗಡ್ಡೆಯ ಜೊತೆ.

2020ರ ನವೆಂಬರಿನಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಇನ್ನೊಂದು ಅಧ್ಯಯನ ಬಂತು. ಕ್ಯಾನ್ಸರ್ ಆಪರೇಷನ್ ನಾಲ್ಕು ವಾರ ತಡವಾದರೆ ಸಾವಿನ ಅಪಾಯ ಶೇ. 6ರಿಂದ 8ರಷ್ಟು ಏರುತ್ತದಂತೆ. ನಾಲ್ಕು ವಾರಕ್ಕೆ ಅಷ್ಟು. ಎಂಟು ವಾರ, ಹನ್ನೆರಡು ವಾರ ಅಂತ ಮುಂದಕ್ಕೆ ಹಾಕಿಸಿಕೊಂಡವರ ಪಾಡು ನೀವೇ ಊಹಿಸಿ.

"ಅಲ್ರೀ, ಕೀಮೋ ತಗೊಂಡವರಿಗೆ ಕೊರೊನಾ ಬಂದ್ರೆ ಇನ್ನೂ ಅಪಾಯ ಅಲ್ವಾ? ಮುಂದಕ್ಕೆ ಹಾಕಿದ್ದೇ ಒಳ್ಳೇದಾಯ್ತು" ಅನ್ನುವವರಿದ್ದಾರೆ. ಮಾತು ಅರ್ಧ ನಿಜ. ಬಿಳಿಕಣ ಕಡಿಮೆ ಇರುವವರಿಗೆ ಸೋಂಕು ತಗುಲಿದರೆ ಕಷ್ಟವೇ. ಕೆಲವರಿಗೆ ಔಷಧಿ ಬದಲಿಸಬೇಕಿತ್ತು, ಕೆಲವರಿಗೆ ಚುಚ್ಚುವ ಬದಲು ಮಾತ್ರೆ, ಕೆಲವರಿಗೆ ರೇಡಿಯೇಶನ್ ಕಡಿಮೆ ದಿನಗಳಲ್ಲಿ ಮುಗಿಸಬೇಕಿತ್ತು, ನಿಧಾನವಾಗಿ ಬೆಳೆಯುವ ಗಡ್ಡೆಯವರು ನಿಜಕ್ಕೂ ಕಾಯಬಹುದಿತ್ತು. ಆದರೆ ಇದು ಒಬ್ಬೊಬ್ಬ ರೋಗಿಯ ಫೈಲು ತೆರೆದು, ಡಾಕ್ಟರು ಯೋಚಿಸಿ ಮಾಡುವ ತೀರ್ಮಾನ. ನಮಗೆ ಫೋನ್ ಮಾಡಿದ ಹುಡುಗಿಯ ಮುಂದೆ ಫೈಲು ಇರಲಿಲ್ಲ, ಹೆಸರುಗಳ ಪಟ್ಟಿ ಇತ್ತು. ಒಂದೊಂದೇ ಹೆಸರಿಗೆ ಗೀಟು ಹಾಕುತ್ತಾ ಹೋದಳು.

ಮತ್ತೆ, ಆಗುತ್ತಲೇ ಇರಲಿಲ್ಲ ಅನ್ನುವುದೂ ಸುಳ್ಳು. ಪರೇಲ್‌ನ ಟಾಟಾ ಮೆಮೋರಿಯಲ್ ಆಸ್ಪತ್ರೆಯನ್ನೇ ತಗೊಳ್ಳಿ. 1941ರಲ್ಲಿ ಶುರುವಾದದ್ದು, 1962ರಿಂದ ಅಣುಶಕ್ತಿ ಇಲಾಖೆಯ ಕೆಳಗಿರುವ ಸರ್ಕಾರಿ ಸಂಸ್ಥೆ. ಮುಂಬಯಿಯಲ್ಲಿ ಕೊರೊನಾ ಏರುತ್ತಿದ್ದಾಗಲೇ, ಚಿಕಿತ್ಸೆ ನಿಲ್ಲಿಸುವುದಿಲ್ಲ ಅಂತ ಅವರು ತೀರ್ಮಾನಿಸಿದರು. 2020ರ ಮಾರ್ಚ್ 23ರಿಂದ ಏಪ್ರಿಲ್ 30ರೊಳಗೆ ಅಲ್ಲಿ 494 ದೊಡ್ಡ ಕ್ಯಾನ್ಸರ್ ಆಪರೇಷನ್ ನಡೆದವು. ಆಮೇಲೆ ಕೊರೊನಾ ತಗುಲಿದ್ದು ಆರು ಜನರಿಗೆ. ಆಪರೇಷನ್ ನಂತರ ಸತ್ತವರು ಒಬ್ಬರೂ ಇಲ್ಲ. ಇದನ್ನು ಅವರೇ ಬರೆದು ಪ್ರಕಟಿಸಿದ್ದಾರೆ. ಎಲ್ಲ ಆಸ್ಪತ್ರೆಗೂ ಅಷ್ಟು ಶಕ್ತಿ ಇರಲಿಲ್ಲ, ಒಪ್ಪುತ್ತೇನೆ. ಆದರೆ ಅದೇ ಊರಿನಲ್ಲಿ, ಅದೇ ತಿಂಗಳಲ್ಲಿ ಒಂದು ಕಡೆ ಆಗಿದ್ದು ಇನ್ನೊಂದು ಕಡೆ "ಆಗುವುದೇ ಇಲ್ಲ" ಹೇಗಾಗುತ್ತದೆ?

ಈಗ ಏಡಿ ಬೋಗಿಯ ವಿಷಯಕ್ಕೆ ಬರುತ್ತೇನೆ. ಜೂನ್ 15, 2020ಕ್ಕೆ ಲೋಕಲ್ ಮತ್ತೆ ಓಡಿತು, ಅತ್ಯಾವಶ್ಯಕ ಸೇವೆಯ ನೌಕರರಿಗೆ ಮಾತ್ರ. ನರ್ಸುಗಳು, ಪೊಲೀಸರು, ಪಾಲಿಕೆಯವರು ಹತ್ತಿದರು, ಹತ್ತಲೇಬೇಕಿತ್ತು. ಜುಲೈಯಲ್ಲಿ ಪಟ್ಟಿ ಬೆಳೆಯಿತು, ಕೇಂದ್ರ ಸರ್ಕಾರದ ನೌಕರರು, ರಾಷ್ಟ್ರೀಕೃತ ಬ್ಯಾಂಕಿನವರು ಎಲ್ಲ ಸೇರಿದರು. ಕ್ಯಾನ್ಸರ್ ರೋಗಿಗಳಿಗೆ ಅನುಮತಿ ಸಿಕ್ಕಿದ್ದು ಯಾವಾಗ ಗೊತ್ತೇ? ಸೆಪ್ಟೆಂಬರಿನಲ್ಲಿ! ಮೂರು ತಿಂಗಳು ಆ ರೈಲು ದಿನವೂ ಓಡಿದೆ, ಏಡಿ ಚಿತ್ರ ಹೊತ್ತ ಬೋಗಿಯನ್ನು ಎಳೆದುಕೊಂಡೇ ಓಡಿದೆ. ಆ ಚಿತ್ರ ಯಾರಿಗಾಗಿ ಬರೆದದ್ದೋ ಅವರು ಮಾತ್ರ ಹತ್ತುವ ಹಾಗಿಲ್ಲ. ಯಾರೋ ದುಷ್ಟರು ಕೂತು ಹೀಗೆ ಮಾಡಿದರು ಅಂತ ನಾನು ಹೇಳುತ್ತಿಲ್ಲ. ಯಾರಿಗೂ ನೆನಪಾಗಲಿಲ್ಲ, ಅಷ್ಟೇ. ನನಗೆ ಅದೇ ಹೆಚ್ಚು ಭಯ. ದ್ವೇಷ ಮಾಡುವವನ ಜೊತೆ ಜಗಳ ಆಡಬಹುದು, ಮರೆತವನ ಜೊತೆ ಏನು ಆಡುವುದು?

ಮರೆತವರಲ್ಲಿ ನಾನೂ ಒಬ್ಬ. ಹೇಳಿಬಿಡುತ್ತೇನೆ. ಆಗ ನಮ್ಮ ಹೌಸಿಂಗ್ ಸೊಸೈಟಿಯ ಸೆಕ್ರೆಟರಿ ನಾನೇ. ಲಾಕ್‌ಡೌನ್ ಶುರುವಾದ ವಾರವೇ ಗೇಟಿಗೆ ನೋಟೀಸು ಅಂಟಿಸಿದೆವು. "ಹೊರಗಿನವರಿಗೆ ಪ್ರವೇಶವಿಲ್ಲ. ಆಸ್ಪತ್ರೆಗೆ ಹೋಗಿ ಬಂದವರು 14 ದಿನ ಮನೆ ಬಿಟ್ಟು ಹೊರಬರಬಾರದು." ಕೆಳಗೆ ನನ್ನ ಸಹಿ, ಸೊಸೈಟಿಯ ಮೊಹರು. ಮರುದಿನ ಮೂರನೇ ಮಾಳಿಗೆಯ ಮರಾಠಿ ಅಜ್ಜನ ಸೊಸೆ ಬಂದು ಬಾಗಿಲಲ್ಲಿ ನಿಂತಳು. "ಕಾಕಾ, ಬಾಬಾನಿಗೆ ವಾರಕ್ಕೆ ಎರಡು ಸಲ ಡಯಾಲಿಸಿಸ್. ಒಂದು ಸಲ ಹೋಗಿ ಬಂದು 14 ದಿನ ಒಳಗಿದ್ದರೆ ಎರಡನೆಯದಕ್ಕೆ ಹೋಗುವುದು ಯಾವಾಗ? ನೀವೇ ಲೆಕ್ಕ ಮಾಡಿ ಹೇಳಿ" ಅಂದಳು. ನನ್ನ ಮನೆಯಲ್ಲೇ ಕೀಮೋ ರೋಗಿ ಇದ್ದಾಳೆ, ನನಗೇ ಆ ಲೆಕ್ಕ ಹೊಳೆದಿರಲಿಲ್ಲ. ಸಂಜೆಯೊಳಗೆ ನೋಟೀಸು ಬದಲಿಸಿದೆವು, ಖರ್ಚು ಒಂದು ಕಾಗದ. ಸೊಸೈಟಿಯಲ್ಲಿ ಬಾಗಿಲು ತಟ್ಟಿ ಕೇಳುವವರಿದ್ದರು. ರೈಲ್ವೆಯ ಬಾಗಿಲನ್ನು, ಮಂತ್ರಾಲಯದ ಬಾಗಿಲನ್ನು ತಟ್ಟುವವರು ಯಾರು?

ಇನ್ನು ನಮ್ಮ ಕರ್ನಾಟಕ. ಇದನ್ನು ಬರೆಯುವುದು ಬೇಜಾರಿನ ಕೆಲಸ, ಆದರೂ ಬರೆಯಬೇಕು. ಮೇ 18, 2020ಕ್ಕೆ ಮಹಾರಾಷ್ಟ್ರ, ಗುಜರಾತ್, ತಮಿಳುನಾಡು, ಕೇರಳದಿಂದ ಬರುವವರಿಗೆ ಮೇ 31ರವರೆಗೆ ಪ್ರವೇಶವಿಲ್ಲ ಅಂತ ನಮ್ಮ ರಾಜ್ಯ ಸಾರಿತು. ಊರಿನಲ್ಲಿ ನಮಗೆ "ಬಾಂಬೆಯವರು" ಅನ್ನುವ ಹೆಸರು ಮೊದಲಿಂದಲೂ ಇತ್ತು. ಊರ ಜಾತ್ರೆಗೆ, ದೇವಸ್ಥಾನದ ಜೀರ್ಣೋದ್ಧಾರಕ್ಕೆ ವಂತಿಗೆ ಕೇಳುವಾಗ ಅದು ಗೌರವದ ಹೆಸರು. ಆ ತಿಂಗಳು ಅದೇ ಹೆಸರು ರೋಗದ ಹೆಸರಾಯಿತು. ನನ್ನ ಹೆಂಡತಿಗೆ ಎರಡು ಕೀಮೋ ನಡುವೆ ತವರಿಗೆ ಹೋಗಿ ತಾಯಿಯ ಕೈಯ ಗಂಜಿ ಕುಡಿಯುವ ಆಸೆ. ಅವಳ ಅಣ್ಣನಿಗೆ ಫೋನ್ ಮಾಡಿದೆ. "ಭಾವ, ನಮ್ಗೇನೂ ಇಲ್ಲ, ಆದ್ರೆ ಊರಿನವ್ರು..." ಅಂದ ಆತ, ಮುಂದೆ ಮಾತು ಬರಲಿಲ್ಲ. ನಾನೂ ಕೇಳಲಿಲ್ಲ.

ತಲಪಾಡಿಯ ಕತೆ ಇದಕ್ಕಿಂತ ಕೆಟ್ಟದು. ಕಾಸರಗೋಡಿನವರಿಗೆ ತಲೆಮಾರುಗಳಿಂದ ಆಸ್ಪತ್ರೆ ಅಂದರೆ ಮಂಗಳೂರು. ಅವರಲ್ಲಿ ಕನ್ನಡ, ತುಳು ಮಾತಾಡುವವರು ಎಷ್ಟೋ ಜನ. ಮಾರ್ಚ್ ಕೊನೆಗೆ ಆ ರಸ್ತೆಗೆ ಮಣ್ಣು ಸುರಿದು ಬಂದ್ ಮಾಡಿದರು. ದಾಟಲಾಗದೆ ರೋಗಿಗಳು ಸತ್ತ ಸುದ್ದಿ ಒಂದರ ಮೇಲೊಂದು ಬಂತು. ಏಪ್ರಿಲ್ 1ಕ್ಕೆ ಕೇರಳ ಹೈಕೋರ್ಟು ತುರ್ತು ಚಿಕಿತ್ಸೆಗೆ ಹೋಗುವವರಿಗೆ ದಾರಿ ಬಿಡಿಸಿ ಅಂತ ಕೇಂದ್ರಕ್ಕೆ ಆದೇಶಿಸಬೇಕಾಯಿತು. ವಿಷಯ ಸುಪ್ರೀಂ ಕೋರ್ಟಿಗೂ ಹೋಯಿತು. ರೋಗಿಯನ್ನು ಆಸ್ಪತ್ರೆಗೆ ಬಿಡಿ ಅನ್ನುವುದಕ್ಕೆ ದೇಶದ ಅತಿ ದೊಡ್ಡ ಕೋರ್ಟು ಬೇಕೇ?

ಆಸ್ಪತ್ರೆಯ ಬೆಂಚಿನಲ್ಲಿ ನಮಗೆ ಪರಿಚಯವಾದವರೊಬ್ಬರಿದ್ದರು, ಇಂಡಿ ತಾಲ್ಲೂಕಿನ ರೈತರು. ಬಾಯಿ ಕ್ಯಾನ್ಸರ್, ತಂಬಾಕಿನ ಕೊಡುಗೆ. ಕನ್ನಡ ಕೇಳಿದ್ದೇ ನನ್ನ ಹೆಂಡತಿಯ ಪಕ್ಕ ಬಂದು ಕೂತಿದ್ದರು. ಮಾರ್ಚ್ 26ಕ್ಕೆ ಆಪರೇಷನ್ ಅಂತ ದಿನ ಕೊಟ್ಟಿದ್ದರು, ಅದು ಮುಂದಕ್ಕೆ ಹೋಯಿತು. ಉಳಿಯಲು ಜಾಗವಿಲ್ಲ, ಕೈಯಲ್ಲಿ ದುಡ್ಡಿಲ್ಲ. ಯಾವುದೋ ಲಾರಿ ಹಿಡಿದು ಸೊಲ್ಲಾಪುರ, ಅಲ್ಲಿಂದ ಗಡಿ, ಗಡಿಯಿಂದ ಒಂದು ಶಾಲೆಯಲ್ಲಿ 14 ದಿನ. ಆಗಸ್ಟಿನಲ್ಲಿ ಫೋನ್ ಮಾಡಿದ್ದರು. "ಗಡ್ಡಿ ದೊಡ್ಡದಾಗೈತ್ರಿ ಸರ. ಈಗ ಕೊಯ್ಯಾಕ ಬರೂದಿಲ್ಲ ಅಂದ್ರು. ಅಕ್ಕಾರು ಆರಾಮ ಅದಾರ್ರಿ?" ಬಾಯಿ ತೆರೆಯಲೇ ಕಷ್ಟವಾಗಿದ್ದ ಮನುಷ್ಯ, ನನ್ನ ಹೆಂಡತಿಯ ಆರೋಗ್ಯ ವಿಚಾರಿಸಿದರು. ಆ ಡಿಸೆಂಬರಿನಲ್ಲಿ ಅವರ ಮಗ ಫೋನ್ ಮಾಡಿ ವಿಷಯ ತಿಳಿಸಿದ. ಅವರ ಸಾವು ಕೊರೊನಾದ ಪಟ್ಟಿಯಲ್ಲಿ ಇಲ್ಲ. ಅವರಿಗೆ ಕೊರೊನಾ ಬಂದೇ ಇರಲಿಲ್ಲವಲ್ಲ!

ನನ್ನ ಹೆಂಡತಿ ಆರೂ ಕೀಮೋ ಮುಗಿಸಿದಳು, ಈಗಲೂ ಚೆಕಪ್ಪಿಗೆ ಹೋಗುತ್ತಾಳೆ, ಏಡಿ ಬೋಗಿಯಲ್ಲೇ. ಪ್ರತಿ ಸಲ ರಿಪೋರ್ಟು ತೆರೆಯುವಾಗ ಆ 32 ದಿನ ನನ್ನ ಕಣ್ಣ ಮುಂದೆ ಬರುತ್ತವೆ.

2021ರಲ್ಲಿ ಲಸಿಕೆ ಬಂದಾಗ ಸ್ವಲ್ಪ ಬುದ್ಧಿ ಬಂದಿತ್ತು ಅನ್ನಿ. ಮಾರ್ಚ್ 1ರಿಂದ 45 ದಾಟಿದ, ಬೇರೆ ಕಾಯಿಲೆ ಇರುವವರಿಗೆ ಲಸಿಕೆ ಅಂದಾಗ ಆ ಕಾಯಿಲೆಗಳ ಪಟ್ಟಿಯಲ್ಲಿ ಕ್ಯಾನ್ಸರ್ ಇತ್ತು. ಆದರೆ ಮೂವತ್ತು ವರ್ಷದ, ಕೀಮೋ ನಡೆಯುತ್ತಿದ್ದ ಹುಡುಗ ಮೇ 1ರವರೆಗೆ ಕಾಯಬೇಕಾಯಿತು. ಅಷ್ಟರಲ್ಲಿ ಎರಡನೇ ಅಲೆ ಊರು ಮುಳುಗಿಸಿತ್ತು. ಮತ್ತೆ ಪಟ್ಟಿ, ಮತ್ತೆ ಖಾನೆ.

ವಿಶ್ವ ಆರೋಗ್ಯ ಸಂಸ್ಥೆ 2023ರ ಮೇ 5ಕ್ಕೆ ತುರ್ತುಸ್ಥಿತಿ ಮುಗಿಯಿತು ಅಂತ ಸಾರಿತು. ಎಲ್ಲರೂ ಮರೆತರು. ಆದರೆ ಇನ್ನೊಂದು ಮಹಾಮಾರಿ ಬರುವುದಿಲ್ಲ ಅಂತ ಯಾರೂ ಬರೆದುಕೊಟ್ಟಿಲ್ಲ. ಆದ್ದರಿಂದ ಈಗಲೇ, ಬಿಸಿಲಿರುವಾಗಲೇ ಸೂರು ಹೊದಿಸಬೇಕು. ನನ್ನ ಬೇಡಿಕೆಗಳು ದೊಡ್ಡವಲ್ಲ.

ಮೊದಲನೆಯದು, ಆಸ್ಪತ್ರೆ ಅತ್ಯಾವಶ್ಯಕ ಅಂತ ಬರೆದ ಸಾಲಿನಲ್ಲೇ ರೋಗಿ ಮತ್ತು ಜೊತೆಗೊಬ್ಬರು ಅಂತಲೂ ಬರೆಯಬೇಕು. ಆಸ್ಪತ್ರೆಯ ಫೈಲೇ ಪಾಸ್ ಆಗಬೇಕು, ರಾಜ್ಯದ ಗಡಿಯಲ್ಲೂ ಅದು ನಡೆಯಬೇಕು. ಹವಾಲ್ದಾರ ಇಮರ್ಜೆನ್ಸಿಯಾ ಅಂತ ಕೇಳಬಾರದು, ಇವತ್ತು ತಾರೀಖು ಇದೆಯಾ ಅಂತ ಕೇಳಬೇಕು.

ಎರಡನೆಯದು, ಯಾವ ಬಾಗಿಲು ಮುಚ್ಚಿದರೂ ಏಡಿ ಬೋಗಿಯ ಬಾಗಿಲು ಮುಚ್ಚಬಾರದು. ರೈಲು ಓಡಿದ ಮೊದಲ ದಿನವೇ ಅದು ತೆರೆದಿರಬೇಕು.

ಮೂರನೆಯದು, ಕೀಮೋಗಾಗಿ ಇಂಡಿಯಿಂದ ಮುಂಬಯಿಗೆ ಬರುವ ಗತಿ ತಪ್ಪಬೇಕು. ಎಲ್ಲ ಜಿಲ್ಲಾ ಆಸ್ಪತ್ರೆಗಳಲ್ಲಿ ಮೂರು ವರ್ಷದೊಳಗೆ ಡೇ ಕೇರ್ ಕ್ಯಾನ್ಸರ್ ಕೇಂದ್ರ, 2025-26ರಲ್ಲೇ 200 ಅಂತ 2025ರ ಕೇಂದ್ರ ಬಜೆಟ್ಟಿನಲ್ಲಿ ಹೇಳಿದ್ದಾರೆ. ಒಳ್ಳೆಯದು. ನಿಮ್ಮ ನಿಮ್ಮ ಊರಿನ ಜಿಲ್ಲಾ ಆಸ್ಪತ್ರೆಗೆ ಹೋದಾಗ ಕೇಳಿ, "ನಮ್ಮದು ಎಲ್ಲಿಗೆ ಬಂತು?" ಅಂತ. ಕುರ್ಚಿ, ಫ್ರಿಜ್ ಬಂದರೆ ಸಾಲದು, ತರಬೇತಾದ ನರ್ಸು ಬೇಕು, ಔಷಧಿ ಬೇಕು.

ನಾಲ್ಕನೆಯದು ನಮಗೇ, ಹೊರನಾಡಿನ ಕನ್ನಡ ಸಂಘಗಳಿಗೆ. ಲಾಕ್‌ಡೌನಿನಲ್ಲಿ ನಾವು ಅಕ್ಕಿ, ಬೇಳೆ ಹಂಚಿದೆವು, ಅದು ದೊಡ್ಡ ಕೆಲಸವೇ. ಆದರೆ ಊರಿಂದ ಚಿಕಿತ್ಸೆಗೆ ಬಂದು ಫುಟ್‌ಪಾತಿನಲ್ಲಿ ಉಳಿದವರು ಎಷ್ಟು ಜನ ಅಂತ ನಮ್ಮ ಯಾವ ಸಂಘದ ಪುಸ್ತಕದಲ್ಲಿತ್ತು? ರಾಜ್ಯೋತ್ಸವಕ್ಕೆ ಗಾಯಕರನ್ನು ಕರೆಸುವ ಖರ್ಚಿನಲ್ಲಿ ಎರಡು ಕೋಣೆ ವರ್ಷವಿಡೀ ಬಾಡಿಗೆಗೆ ಹಿಡಿಯಬಹುದು. ಕಾರು ಇರುವವರು, ರಕ್ತ ಕೊಡುವವರು, ಮರಾಠಿ ಫಾರ್ಮು ತುಂಬಿಸಿಕೊಡುವವರು ಯಾರು ಯಾರು ಅಂತ ಒಂದು ಪಟ್ಟಿ ಮಾಡಬಹುದು. ಪಟ್ಟಿ ಮಾಡಿಯೇ ಕೆಟ್ಟೆವು, ಒಂದು ಒಳ್ಳೆಯ ಪಟ್ಟಿಯನ್ನೂ ಮಾಡೋಣ.

ಮುಂದಿನ ಸಭೆಯಲ್ಲಿ ಆ ಹಿರಿಯರು ಮತ್ತೆ ಸಿಗುತ್ತಾರೆ. ಈ ಸಲ ತಲೆ ಅಲ್ಲಾಡಿಸುವುದಿಲ್ಲ. "ಸ್ವಾಮಿ, ಗಡ್ಡೆ ಬಂದದ್ದು ಹಣೆಬರಹ ಇರಬಹುದು. ರೈಲು ಹತ್ತಲು ಬಿಡದೇ ಇದ್ದದ್ದು ಮನುಷ್ಯರು ಬರೆದ ಬರಹ" ಅಂತ ಹೇಳುತ್ತೇನೆ. ಆಮೇಲೆ ಕೋಣೆಯ ಬಾಡಿಗೆಗೆ ಅವರ ಹತ್ತಿರವೇ ಮೊದಲ ವಂತಿಗೆ ಕೇಳುತ್ತೇನೆ.

ನೀವೇನಂತೀರಿ? ನಿಮ್ಮ ಊರಿನ ಸಂಘದಲ್ಲೂ ಕೇಳಿ ನೋಡಿ.